ಎರಡು ಹೆಬ್ಬೆಟ್ಟು

"'ಯುದ್ಧಕ್ಕೋದೋನು ನಮ್ಮ ತಾತ, ವಾಪಸ್ ಬಂದೋನು ಯಾರೋ ಬ್ಯಾರೆಯೋನಂತೆ ಅತ್ತೆ,' ಅಂದ ವೆಂಕಿ. ಬೆಳಿಗ್ಗೆ ಕಾಪಿ ಕುಡಿಯೋ ಒತ್ಗೇ ಪೋನು," ಎಂದಳು ದೊಡ್ಡಮುನಿಯಮ್ಮ, ಮೊರದಿಂದ ತಲೆಯೆತ್ತದೆ. ನೆನೆಸಿದ ಅವರೆಕಾಳು ಅವಳ ಬೆರಳ ನಡುವೆ ಸಿಪ್ಪೆ ಬಿಟ್ಟು ಪಾತ್ರೆಗೆ ಜಿಗಿಯುತ್ತಿತ್ತು. "ಅಂಗಾದ್ರೆ ನಾನ್ಯಾರ ಮಗಳು ಕಣಮ್ಮಿ? ಅದನ್ನ ಯೋಳಕ್ಕೇ ರೈಲತ್ತಿ ಬಂದ್ಯಾ?"

ಅರುಣಕುಮಾರಿ ಹೊಸ್ತಿಲಲ್ಲೇ ನಿಂತಳು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೂ ರೈಲಿನಲ್ಲಿ ಅವಳು ಕೂತಿರಲಿಲ್ಲ. ಬಾಗಿಲ ಬಳಿ ನಿಂತು ಫೋನು ತೆಗೆಯುವುದು, ಇಡುವುದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳು ಮನೆತನದ ವಂಶವೃಕ್ಷ ಬರೆಯಲು ಹೊರಟು ಎಂಟು ತಿಂಗಳಾಗಿತ್ತು. ತೀರಿಹೋದ ಅಜ್ಜನ, ಅಂದರೆ ದೊಡ್ಡಮುನಿಯಮ್ಮನ ಅಣ್ಣನ, ತಗಡಿನ ಪೆಟ್ಟಿಗೆಯಲ್ಲಿ ಹೋದ ವಾರ ಮುತ್ತಾತ ಹನುಮಂತರಾಯಪ್ಪನ ಬರ್ಮಾ ಯುದ್ಧದ ಪದಕ ಸಿಕ್ಕಿತು. ಅದರಡಿಯಲ್ಲಿ ಅವನು ಸೇನೆಗೆ ಸೇರಿದಾಗ ಕೊಟ್ಟಿದ್ದ ಪುಸ್ತಿಕೆ, ೧೯೪೨ರದ್ದು. ಒಳಗೆ ಅವನ ಹೆಬ್ಬೆಟ್ಟು. ಇನ್ನೊಂದು ಹೆಬ್ಬೆಟ್ಟು ಅವಳ ಬಳಿ ಮೊದಲೇ ಇತ್ತು: ಯುದ್ಧ ಮುಗಿದು ಬಂದ ಹನುಮಂತರಾಯಪ್ಪನಿಗೆ ೧೯೫೩ರಲ್ಲಿ ಚಿನ್ನದ ಗಣಿಯವರು ಮೈಸೂರು ಮೈನ್ಸ್ ಲೈನಿನ ಸಾಲುಮನೆಗಳಲ್ಲಿ ಈ ಮನೆ ಕೊಟ್ಟಾಗಿನ ಕಾಗದ. ಅದನ್ನು ಕೊಟ್ಟವಳು ದೊಡ್ಡಮುನಿಯಮ್ಮನೇ.

ಎರಡೂ ಹೊಂದಲಿಲ್ಲ. ಒಂದರಲ್ಲಿ ಗೆರೆಗಳು ಸುಳಿಯಂತೆ ಸುತ್ತಿದ್ದವು, ಇನ್ನೊಂದರಲ್ಲಿ ಕುಣಿಕೆಯಂತೆ ಬಾಗಿ ಮರಳಿದ್ದವು. ನಾಲ್ಕು ಸಲ ನೋಡಿದಳು. ಸಾಯುವವರೆಗೆ ಬೆರಳಿನ ಗೆರೆ ಬದಲಾಗದು ಎಂದು ತರಗತಿಯಲ್ಲಿ ಅವಳೇ ಹೇಳುವವಳು. ನಿನ್ನೆ ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, 'ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು' ಎಂದು ಬರೆದಿದ್ದಳು. ಅಷ್ಟೇ ಬರೆದಿದ್ದು. ಉಳಿದದ್ದನ್ನು ಅವಳ ಚಿಕ್ಕಪ್ಪ ವೆಂಕಿ ಲೆಕ್ಕ ಹಾಕಿದ್ದ: ತನ್ನಪ್ಪ ಹುಟ್ಟಿದ್ದು ಯುದ್ಧಕ್ಕೆ ಮೊದಲು, ದೊಡ್ಡಮುನಿಯಮ್ಮ ಹುಟ್ಟಿದ್ದು ಯುದ್ಧ ಮುಗಿದು ಎರಡು ವರ್ಷಕ್ಕೆ.

"ಇನ್ನೇನಂದ ಚಿಕ್ಕಪ್ಪ?"

"ಸಂಕ್ರಾಂತಿಗೆ ಊರಾಗೆ ಇರೀಕರ ಎಡೆಗೆ ಬರೋದು ಬಿಡೋದು ನಿಂಗೇ ಬಿಟ್ಟಿದ್ದು ಅಂದ. ಎಪ್ಪತ್ತೇಳು ವರ್ಸ್ದಲ್ಲಿ ನನ್ನನ್ನ ಯಾರೂ ಬಾ ಅಂತ ಕರೆದಿರ್ಲಿಲ್ಲ, ಬ್ಯಾಡ ಅಂತಾನೂ ಅಂದಿರ್ಲಿಲ್ಲ. ನಾನೇ ಓಗ್ತಿದ್ದೆ." ಒಂದು ಕಾಳು ಹಾರಿ ನೆಲಕ್ಕೆ ಬಿತ್ತು. "ನಮ್ಮವ್ವ ಗಂಡನ ಗುರ್ತು ಸಿಗದೋಳು ಅಂತಾನೂ ಬರೆದ್ಯಾ? ಎಲ್ಲಿ ತೋರ್ಸು, ಅದೇನು ಎಬ್ಬೆಟ್ಟು."

ಅರುಣಕುಮಾರಿ ಎರಡೂ ಕಾಗದ ಬಿಚ್ಚಿ, ಚೀಲದಿಂದ ಭೂತಗನ್ನಡಿ ತೆಗೆದಳು. ಗಂಡಸರದ್ದಾದರೆ ಎಡಗೈ ಹೆಬ್ಬೆಟ್ಟು, ಅದು ಆಗಿನ ಎಲ್ಲ ಕಚೇರಿಗಳ ರೂಢಿ, ಆದ್ದರಿಂದ ಎರಡೂ ಒಂದೇ ಬೆರಳಿನದಾಗಿರಬೇಕಿತ್ತು ಎಂದು ವಿವರಿಸತೊಡಗಿದಳು. ದೊಡ್ಡಮುನಿಯಮ್ಮ ಅವರೆಕಾಳು ಹಿಸುಕುವುದನ್ನು ನಿಲ್ಲಿಸಿದಳು.

"ಎಡಗೈದಾ?"

"ಹೂಂ ಅಜ್ಜಿ."

"ಎಡಗೈಯಾಗೆ ಎಬ್ಬೆಟ್ಟು ಎಲ್ಲಿತ್ತಮ್ಮಿ ನಮ್ಮಪ್ಪಂಗೆ? ಗಣಿಯೊಳಗೆ ಅದಿರಿನ ಗಾಡಿ ಅದರ ಮೇಲೆ ಅರ್ದಿದ್ದು ನಂಗೆ ಮೂರು ವರ್ಸ ಇದ್ದಾಗ. ಬೀದಿಯಾಗೆ ನನ್ನ ಕೈ ಇಡ್ಕೊಂಡ್ರೆ ನಾಲ್ಕೇ ಬೆಳ್ಳು. ಎಲ್ಲರಪ್ಪಂಗೂ ಅಂಗೇ ಅಂದ್ಕಂಡಿದ್ದೆ ಇಸ್ಕೂಲ್ಗೆ ಓಗೋಗಂಟ. ಈ ಮನೆ ಕಾಗದಕ್ಕೆ ಬಲಗೈದೇ ಒತ್ತಿರಬೇಕು, ಇನ್ಯಾವ್ದು ಒತ್ತಾನೆ? ಅಷ್ಟು ಓದ್ಕಂಡು, ಗುಂಪಿಗೆ ಆಕೋ ಮುಂಚೆ ನನ್ನೊಂದು ಮಾತು ಕೇಳಕ್ಕೆ ಆಗ್ಲಿಲ್ವಾ?"

ಅರುಣಕುಮಾರಿಗೆ ಒಮ್ಮೆಗೇ ಮೈ ಹಗುರಾಯಿತು, ಮರುಗಳಿಗೆಯಲ್ಲೇ ಕಿವಿ ಬಿಸಿಯಾಯಿತು. ಒಂದೇ ಮನುಷ್ಯನ ಎರಡು ಕೈ. ಎಂಟು ತಿಂಗಳಲ್ಲಿ ಅವಳು ಯಾವ ತಾರೀಖನ್ನೂ ಮೂರು ಕಡೆ ತಾಳೆ ನೋಡದೆ ಬರೆದುಕೊಂಡವಳಲ್ಲ. ಅಲ್ಲೇ ಜಗಲಿಯ ಮೇಲೆ ಕೂತು ಫೋನಿನಲ್ಲಿ ಒತ್ತಿದಳು: 'ತಪ್ಪು ನನ್ನದು. ಇಬ್ಬರೂ ಒಬ್ಬರೇ.' ಕಾರಣವನ್ನೂ ಬರೆದಳು. ಹನ್ನೊಂದು ಜನ ಓದಿದರು. ಆಮೇಲೆ ವೆಂಕಿಯ ಒಂದು ಸಾಲು ಬಂತು: 'ಬೆರಳಿಲ್ಲ ಅನ್ನೋದಕ್ಕೆ ದಾಖಲೆ ಇದೆಯಾ?'

ಅದನ್ನು ಅವಳು ಓದಿ ಹೇಳಲಿಲ್ಲ. ದೊಡ್ಡಮುನಿಯಮ್ಮ ಎದ್ದು ಕೊಡದ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮತ್ತೆ ಕೂತಳು. ಎರಡು ಕಾಗದಗಳನ್ನೂ ಹತ್ತಿರಕ್ಕೆ ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದಳು. ಒಂದನ್ನು ನೋಡುವಳು, ಇನ್ನೊಂದನ್ನು ನೋಡುವಳು.

"ನಮ್ಮಪ್ಪಂದೇ," ಎಂದಳು. ಆಮೇಲೆ ತನ್ನ ಹೆಬ್ಬೆರಳನ್ನು ಮುಂದೆ ಚಾಚಿದಳು. "ಆದ್ರೂ ಇದನ್ನೊಂದ್ಸಲ ನೋಡು. ಯಾವ್ದಕ್ಕೆ ಒಂದ್ತದೆ?"

"ಅಜ್ಜಿ, ಬೆರಳಿನ ಗೆರೆ ಅಪ್ಪನಿಂದ ಮಗಳಿಗೆ ಹಾಗೇ ಬರಲ್ಲ. ಒಬ್ಬೊಬ್ಬರದ್ದು ಒಂದೊಂದು ಥರ. ಅದರಿಂದ ಏನೂ ಗೊತ್ತಾಗಲ್ಲ."

"ಗೊತ್ತಾಗ್ದಿದ್ರೆ ಬಿಡು. ನೋಡು ಅಂದೆ."

ಅರುಣಕುಮಾರಿ ಆ ಬೆರಳನ್ನು ಹಿಡಿದು ಗಾಜನ್ನು ಮೇಲಿಟ್ಟಳು. ಬೆಳಕಿಗೆ ತಿರುಗಿಸಿದಳು, ಗಾಜನ್ನು ಇಳಿಸಿದಳು, ಏರಿಸಿದಳು. ಸುಳಿಯೂ ಇಲ್ಲ, ಕುಣಿಕೆಯೂ ಇಲ್ಲ. ಅರವತ್ತು ವರ್ಷದ ಕೆಲಸ ಉಜ್ಜಿ ಸವೆಸಿದ ಚರ್ಮ ಹೊಳೆ ದಂಡೆಯ ಕಲ್ಲಿನಂತೆ ನುಣ್ಣಗಿತ್ತು.

"ಯೋಳಮ್ಮಿ, ಯಾವ್ದಕ್ಕೆ ಒಂದ್ತು?" ಎಂದಳು ದೊಡ್ಡಮುನಿಯಮ್ಮ, ಬೆರಳನ್ನು ಹಿಂದೆ ತೆಗೆದುಕೊಳ್ಳದೆ.