ದೇಸೂರಿನಲ್ಲಿ ಒಂದು ನಿಮಿಷ

"ಅಕ್ಕಾರ, ನಂದೂ ಒಂದ ಟಿಕೀಟ ತಗೀರಿ."

ಟಾಕೀಸಿನ ಮುಂದೆ ಹೆಂಗಸರ ಸಾಲಿನಲ್ಲಿ ನಿಂತಿದ್ದ ಕಾಂತಾ ತಿರುಗಿ ನೋಡಿದಳು. ನೋಟು ಚಾಚಿ ನಿಂತವನು ಗುರುಪುತ್ರಪ್ಪ, ಅವಳ ಗಂಡ. ಗಂಡಸರ ಸಾಲು ರಸ್ತೆಯ ತನಕ ಬೆಳೆದಾಗ ಬೆಳಗಾವಿಯ ಗಂಡಸರು ಹೀಗೆ ಕಂಡ ಹೆಂಗಸರನ್ನೆಲ್ಲ ಅಕ್ಕಾ ಎನ್ನುತ್ತಾರೆ. ಬೆನ್ನು ನೋಡಿ ಕರೆದವನು ಮುಖ ನೋಡಿ ಕಕ್ಕಾಬಿಕ್ಕಿಯಾದ. ಚಾಚಿದ ಕೈ ಹಿಂದೆ ತೆಗೆಯುವುದೂ ಅವನಿಗೆ ತಿಳಿಯಲಿಲ್ಲ. ಕಾಂತಾ ನೋಟು ಇಸಿದುಕೊಂಡಳು.

ಬೆಳಿಗ್ಗೆ ಇಬ್ಬರೂ ಒಂದೇ ಕೋರ್ಟಿನ ಎರಡು ಬೆಂಚಿನ ಮೇಲೆ ಕೂತು, ಮುಂದಿನ ಒಂದೇ ತಾರೀಖು ಬರೆಸಿಕೊಂಡು ಬಂದಿದ್ದರು. ಸಂಜೆಯ ಗಾಡಿಯ ತನಕ ಇಬ್ಬರಿಗೂ ಹೊತ್ತು ಕಳೆಯಬೇಕಿತ್ತು. ಸೋಡಚೀಟಿಯ, ಅಂದರೆ ವಿಚ್ಛೇದನದ ದಾವೆ, ಇದು ಏಳನೆಯ ವರ್ಷ. ಅತ್ತೆಯ ಬಾಯಿಗೆ ಬೇಸತ್ತು ಕಾಂತಾ ದೇಸೂರಿನಿಂದ ಖಾನಾಪುರದ ತವರಿಗೆ ಬಂದಳು, ಸಿಟ್ಟಿನ ಭರದಲ್ಲಿ ಅಣ್ಣ ಕೇಸು ಹಾಕಿಸಿದ. ಈಗ ಅತ್ತಿಗೆಯ ಮುಖ ನೋಡಿ ಉಣ್ಣುವ ಅವಳಿಗೆ ಉಳಿದದ್ದು ಒಂದೇ ಆಸೆ. ಕೂಡಿಸಲಿ, ಇಲ್ಲ ಬಿಡಿಸಲಿ, ಏನಾದರೊಂದು ಮುಗಿಯಲಿ. ಎರಡೂ ಕಡೆಯ ವಕೀಲರು ಉಳಿದೆಲ್ಲದಕ್ಕೂ ಜಗಳಾಡಿದರೂ ಒಂದು ವಿಷಯದಲ್ಲಿ ಮಾತ್ರ ಅವರದು ಒಮ್ಮತ: ಎದುರು ಪಾರ್ಟಿಯ ಜೊತೆ ಮಾತಾಡಕೂಡದು.

ಒಂದೇ ಕೈಗೆ ಬಂದ ಟಿಕೆಟ್ಟುಗಳಾದ್ದರಿಂದ ಬಾಲ್ಕನಿಯಲ್ಲಿ ಕುರ್ಚಿಗಳು ಅಕ್ಕಪಕ್ಕವೇ ಸಿಕ್ಕವು. ಹಿಂದಿ ಸಿನೆಮಾ. ಮಧ್ಯಂತರದ ತನಕ ನಾಯಕ ಹತ್ತಾರು ಮಂದಿಯನ್ನು ಬಡಿದ, ನಾಲ್ಕು ಹಾಡು ಹಾಡಿದ. ಆಮೇಲೆ ಮಾಡದ ಕೊಲೆಯನ್ನು ತಲೆಯ ಮೇಲೆ ಹೊತ್ತು ಕಟಕಟೆಯಲ್ಲಿ ನಿಂತ. ಅವನು ಪ್ರೀತಿಸಿದವಳೇ ಅವನ ವಕೀಲಳು. ದೊಡ್ಡ ದೊಡ್ಡ ಮಾತುಗಳು ಶುರುವಾದವು. ಮದುವೆಯ ಹೊಸದರಲ್ಲಿ ಹಿಂದಿ ತಲೆಗೆ ಹತ್ತದಿದ್ದಾಗ ಕಾಂತಾ ಪಕ್ಕದ ಗಂಡನನ್ನೇ ಕೇಳುತ್ತಿದ್ದಳು. ಇಂದೂ ಬಾಯಿ ತಪ್ಪಿತು.

"ಏನಂದ್ಳರಿ ಆಕಿ?"

"ಸಾಕ್ಷಿ ಹೇಳಿದಾಂವ ಸುಳ್ಳ ಅಂದ್ಳು," ಎಂದ ಗುರುಪುತ್ರಪ್ಪ. ಪರದೆಯ ಕಡೆ ಗದ್ದ ತೋರಿಸಿ, "ಇವರಿಗೆ ಯಾರೂ ತಾರೀಖ ಕೊಡಂಗಿಲ್ಲ ನೋಡ," ಎಂದ.

ಕಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹದಿನೈದೇ ನಿಮಿಷದಲ್ಲಿ ನ್ಯಾಯಾಧೀಶ ಸುತ್ತಿಗೆ ಬಡಿದ, ಪ್ರೇಮಿಗಳು ಕೂಡಿದರು, ಮಂದಿ ಸೀಟಿ ಹೊಡೆದರು. ಇವರಿಬ್ಬರಿಗೆ ಮಾತ್ರ ಕುರ್ಚಿಯಿಂದ ಏಳಲೂ ಬೇಸರವಾಯಿತು.

ಸಂಜೆಯ ಗಾಡಿಯಲ್ಲಿ ಇಷ್ಟು ವರ್ಷ ಬೇರೆ ಬೇರೆ ಡಬ್ಬಿ ಹತ್ತುತ್ತಿದ್ದವರು ಅಂದು ಎದುರುಬದುರು ಕೂತರು.

"ಅವ್ವ ಹೋದದ್ದು ನಿನಗ ತಿಳೀತಿಲ್ಲೊ?"

"ತಿಳೀತ್ರಿ. ಮಣ್ಣಿಗೆ ಬರಾಕ ಸೀರಿ ಉಟ್ಟ ನಿಂತಿದ್ದೆ. ಹೋದ್ರ ಕೇಸ ಸಡ್ಲ ಆಗತೈತಿ ಅಂದ್ರು ನಮ್ಮ ವಕೀಲ್ರು."

"ನಾನೂ ಕರಿಯಾಕ ಹೊಂಟಿದ್ದೆ. ನಮ್ಮವರೂ ಹಂಗ ಅಂದ್ರು."

ಜಗಳದ ಮೂಲವೇ ಮಣ್ಣು ಸೇರಿ ಎರಡು ವರ್ಷವಾಗಿತ್ತು. ಆದರೂ ಕೇಸು ತನ್ನ ಪಾಡಿಗೆ ನಡೆದೇ ಇತ್ತು. ಯಾರಿಗಾಗಿ ಇದೆಲ್ಲ ಎಂದು ಕಾಂತಾಳಿಗೆ ಅಳು ಬಂತು.

ದೇಸೂರು ಬಂತು. ಇಳಿದ ಗುರುಪುತ್ರಪ್ಪ ಹೋಗಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತ.

"ಕಾಂತಾ, ಇಲ್ಲೇ ಇಳದಬಿಡ. ಸಾಕಾತು ನನಗ."

ಅವಳು ಚೀಲ ಎತ್ತಿಕೊಂಡು ಬಾಗಿಲಿಗೆ ಬಂದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಗಾರ್ಡು ಸೀಟಿ ಊದಿದ. ಅವಳು ಅಲ್ಲೇ ನಿಂತುಬಿಟ್ಟಳು.

"ಇಳೀತಿದ್ನರಿ," ಎಂದಳು. "ಆದ್ರ ವಕೀಲ್ರನ್ನ ಒಂದ ಮಾತ ಕೇಳಬೇಕಲ್ಲ?"

ಗಾಡಿ ಅಲುಗಿತು. ಗುರುಪುತ್ರಪ್ಪ ಅದರ ಜೊತೆ ನಾಲ್ಕು ಹೆಜ್ಜೆ ಬಂದ.

"ಖರೇ ಐತಿ," ಎಂದ. "ನಾನೂ ನಮ್ಮವರನ್ನ ಕೇಳತೀನಿ."