ದೇವಸ್ಸಿ ಮನೆಯ ಊಟ

ಜಿಂಟೊ ಬೈಕಿನಿಂದ ಇಳಿಯುವಷ್ಟರಲ್ಲಿ ಅಣ್ಣ ಪೌಲಿ ಅವನ ಕೈ ಹಿಡಿದು ಮೂಸಿ ನೋಡಿದ. ಮೀನುಸಾರಿನ ವಾಸನೆ.

"ತಿಂದೆಯಾ?"

"ಇಲ್ಲ ಚೇಟ್ಟಾ. ಅವಳ ಮುಂದೆ ಕೂತ್ರೆ ಗಂಟಲಲ್ಲಿ ಏನೂ ಇಳಿಯೋದೇ ಇಲ್ಲ."

"ಹಾಗಾದ್ರೆ ಸಾರು ತಿಂದಿದ್ದು ನಿನ್ನ ಕೈಯಾ?"

ಪೌಲಿ ಅಂಗಳಕ್ಕೆ ಉಗಿದ. ಪ್ರೀತಿಸುವ ಗಂಡಸರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವರಿಗೆ ನಾಲಿಗೆಯೂ ನೆಟ್ಟಗಿರುವುದಿಲ್ಲ, ಬೆನ್ನುಮೂಳೆಯೂ ಇರುವುದಿಲ್ಲ.

ಚೆರುಕ್ಕುನ್ನು ಊರಿನ ಹಗ್ಗಜಗ್ಗಾಟದ ತಂಡಕ್ಕೆ ಪೌಲಿಯೇ ನಾಯಕ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುವವನು ಜಿಂಟೊ. ಓಣಂ ಪಂದ್ಯದಲ್ಲಿ ಏಳು ಜನರ ಒಟ್ಟು ತೂಕ ನಾನೂರೈವತ್ತೈದು ಕಿಲೋ ಮೀರುವಂತಿಲ್ಲ. ಇವರು ಸರಿಯಾಗಿ ಅಷ್ಟೇ ಇದ್ದರು. ಒಬ್ಬ ಒಂದು ಕಿಲೋ ಕೊಬ್ಬಿದರೂ ಹಗ್ಗ ಮುಟ್ಟುವ ಮೊದಲೇ ತಂಡ ಹೊರಗೆ. ಇಂಥ ಹೊತ್ತಿನಲ್ಲಿ ಈ ಮಹಾಶಯನಿಗೆ ಪ್ರೀತಿ ಹುಟ್ಟಿತ್ತು. ಅದೂ ಎದುರಾಳಿ ತಂಡದ ಗುರು ದೇವಸ್ಸಿ ಆಶಾನ್‌ನ ಮಗಳು ಆನ್ಸಿಯ ಮೇಲೆ.

ಪೌಲಿಗೆ ಎಲ್ಲವೂ ಸ್ಪಷ್ಟವಿತ್ತು. ಮಗಳು ಗಾಳ, ಮೀನುಸಾರು ಎರೆ. ಎಳೆದು ಗೆಲ್ಲಲಾಗದವನು ಉಣಿಸಿ ಗೆಲ್ಲಲು ಹೊರಟಿದ್ದಾನೆ.

"ಅಪ್ಪ ಇಲ್ಲ, ಮನೆಗೆ ಹಿರಿಯ ನಾನು. ನಿನ್ನಿಂದ ತೂಕ ಹೆಚ್ಚಿತೋ, ಆ ಹುಡುಗಿ ಸುದ್ದಿ ಅಲ್ಲಿಗೆ ಮುಗೀತು."

"ಹೆಚ್ಚದಿದ್ರೆ?"

"ನಾನೇ ಮುಂದೆ ನಿಂತು ಮದುವೆ ಮಾಡಿಸ್ತೀನಿ, ಹೋಗೋ."

ಮರುದಿನದಿಂದ ಪೌಲಿಯೂ ಕಾವಲಿಗೆಂದು ಜೊತೆಗೆ ಹೊರಟ. ದೇವಸ್ಸಿಯ ಹೆಂಡತಿ ತ್ರೇಸ್ಯಾಮ್ಮ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದಳು. ಜಿಂಟೊ ತನ್ನ ತಟ್ಟೆ ಎತ್ತಿಕೊಂಡು, ಆನ್ಸಿ ನೀರು ಸೇದುತ್ತಿದ್ದ ಬಾವಿಕಟ್ಟೆಗೆ ಹೋದ. ಹಿತ್ತಿಲ ಬಾತುಕೋಳಿಗಳೆಲ್ಲ ಅವನನ್ನು ಕಂಡು ಓಡಿಬಂದವು.

"ನೋಡಿ, ಬಾತುಗಳಿಗೂ ಮದುಮಗನ ಗುರುತಾಗಿದೆ" ಎಂದು ಪೌಲಿ ಹಂಗಿಸಿದ.

ತಟ್ಟೆ ಖಾಲಿಯಾಗಿ ಬಂತು. ಪ್ರತಿ ಸಂಜೆಯೂ ಹಾಗೆಯೇ ಬರುತ್ತಿತ್ತು. "ಇನ್ನೊಂದು ಅಪ್ಪಂ ತಿನ್ನು ಮೋನೇ, ನನ್ನ ಮೇಲೆ ಆಣೆ" ಎಂದು ತ್ರೇಸ್ಯಾಮ್ಮ ಒತ್ತಾಯಿಸುವಾಗ ಪೌಲಿಗೆ ಅವರ ಕುತಂತ್ರ ಕಂಡು ಮೈ ಉರಿಯುತ್ತಿತ್ತು.

ಉಳಿದ ಐವರು ಗಂಜಿನೀರಿನಲ್ಲಿ ದಿನ ದೂಡುತ್ತಿದ್ದರು. "ಇವತ್ತೇನಂತೆ ಅಲ್ಲಿ?" ಎಂದು ದಿನಾ ಪೌಲಿಯನ್ನು ಕೇಳುವರು.

"ದನದ ಮಾಂಸ, ಕಾಯಿಚೂರು ಹಾಕಿ ಹುರಿದದ್ದು. ಮೆಣಸು ಒಂಚೂರು ಮುಂದೆ. ನಿನ್ನೆ ಕರಿಮೀನು. ಅದಕ್ಕೆ ಹೆಸರಿಡೋ ಹಾಗಿಲ್ಲ."

ಐವರೂ ಜೊಲ್ಲು ನುಂಗಿ ಜಿಂಟೊನನ್ನು ದುರುಗುಟ್ಟಿ ನೋಡುವರು. ಯಾರೂ ಅವನ ಜೊತೆ ಮಾತಾಡುತ್ತಿರಲಿಲ್ಲ. ರಬ್ಬರ್ ಅಂಗಡಿಯಲ್ಲಿ ಒಮ್ಮೆ ತೂಗಿ ನೋಡೋಣ ಎಂದು ಒಬ್ಬ ಹೇಳಿದ. ಪೌಲಿ ನಕ್ಕುಬಿಟ್ಟ. "ತಕ್ಕಡಿ ಯಾಕೋ? ನನ್ನ ಕಣ್ಣಿಲ್ವಾ?"

ಪಂದ್ಯದ ದಿನ ಬಾಳೆಕಾಯಿ ಮಂಡಿಯ ದೊಡ್ಡ ತಕ್ಕಡಿಯ ಮೇಲೆ ಏಳು ಜನರನ್ನೂ ಒಟ್ಟಿಗೆ ನಿಲ್ಲಿಸಿದರು. ತೀರ್ಪುಗಾರ ಮುಳ್ಳು ನೋಡಿ ತಲೆಯಾಡಿಸಿದ. ಮೂರು ಕಿಲೋ ಹೆಚ್ಚು.

ಪೌಲಿ ಧಡಕ್ಕನೆ ಕೆಳಗಿಳಿದ. ಈ ಗಳಿಗೆಗಾಗಿ ಅವನು ಕಾದಿದ್ದನೇನೋ ಎನಿಸುವಂತಿತ್ತು ಅವನ ಮುಖ.

"ಎಲ್ಲರೂ ಇಳೀರಿ. ಒಬ್ಬೊಬ್ರೇ ಹತ್ತಿ. ಊರಿನ ಮಾನ ನುಂಗಿದ ಹೊಟ್ಟೆ ಯಾರದೂಂತ ನಾಲ್ಕು ಜನ ನೋಡ್ಲಿ. ಆ ನಾಯಿ ಇನ್ನು ಈ ಜನ್ಮದಲ್ಲಿ ಹಗ್ಗ ಮುಟ್ಟಕೂಡದು. ಮೊದ್ಲು ನೀನು ಹತ್ತೋ, ಮದುಮಗ."

ಜಿಂಟೊ ಹತ್ತಿದ. ತೀರ್ಪುಗಾರ ಮತ್ತೊಮ್ಮೆ ಬಗ್ಗಿ ನೋಡಿದ. ತಂಡ ಹೆಸರು ಬರೆಸಿದ ದಿನದ ತೂಕಕ್ಕಿಂತ ಎರಡು ಕಿಲೋ ಇಳಿದಿದ್ದ.

"ತಕ್ಕಡಿ ಕೆಟ್ಟಿದೆ" ಎಂದ ಪೌಲಿ.

"ತಕ್ಕಡಿ ನೆಟ್ಟಗಿದೆ ಮೋನೇ" ಎಂದು ಆಚೆ ಬದಿಯಿಂದ ದೇವಸ್ಸಿ ಮೆಲ್ಲಗೆ ಹೇಳಿದ. "ನಮ್ಮ ಮನೆ ಊಟಾನೂ ಯಾರಿಗೂ ಮೋಸ ಮಾಡಿಲ್ಲ."

ಗಂಜಿನೀರು ಕುಡಿದ ಐವರೂ ಸಾಲಾಗಿ ಹತ್ತಿ ಇಳಿದರು. ಒಬ್ಬನೂ ಕಾಲು ಕಿಲೋ ಹೆಚ್ಚಿರಲಿಲ್ಲ.

ತಕ್ಕಡಿ ಹತ್ತದೆ ಉಳಿದವನು ಪೌಲಿ ಒಬ್ಬನೇ.