ಹರಳಿನಡಿಯ ಚಿನ್ನ

ತೀರಿಕೊಂಡ ಫ್ರಾಂಕರ ರಾಜನಿಗೆ ಕೊನೆಯ ನಿಲುವಂಗಿ ಹೊದಿಸಿ ಆಳುಗಳು ಸಮಾಧಿಯ ಗುಂಡಿಯಿಂದ ಮೇಲೆ ಹತ್ತಿದರು. ನಿಲುವಂಗಿಯ ತುಂಬ ಅರಮನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದ ಗೆರ್ಲಿಂದ ಎಂಬ ಹುಡುಗಿ ಮಾಡಿದ ಚಿನ್ನದ ಜೇನ್ನೊಣಗಳು, ಒಟ್ಟು ಮುನ್ನೂರು. ಒಂದೊಂದರ ರೆಕ್ಕೆಯ ಕೆಂಪು ಹರಳಿನ ಅಡಿಯಲ್ಲೂ ಅವಳು ಗೆರೆ ಕೊರೆದ ತೆಳುವಾದ ಚಿನ್ನದ ರೇಕು ಇಟ್ಟಿದ್ದಳು.

“ಮಣ್ಣು ಸೇರೋ ಒಡವೆಗೆ ಅಡೀಲೂ ಚಿನ್ನ ಬೇಕಿತ್ತೇನೇ?” ಗುಂಡಿಯ ಅಂಚಿನಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದ ಅರಮನೆಯ ಹಿರಿಯ ಅಕ್ಕಸಾಲಿ ದಗುಲ್ಫ ಕುಟುಕಿದ. “ಯಾರಿಗೆ ಕಾಣ್ಬೇಕು ಅದು, ಹುಳಕ್ಕಾ? ನಾಳೆಯಿಂದ ನನ್ನ ಕುಲುಮೆ ಹತ್ರ ಸುಳೀಬೇಡ. ಹೋಗಿ ಹಂದಿ ಮೇಯ್ಸು.”

“ಹುಳಕ್ಕಾದ್ರೂ ಚೆಂದ ಕಾಣ್ಲಿ ಬಿಡಜ್ಜ,” ಎಂದಳು ಗೆರ್ಲಿಂದ.

ಪದ್ಧತಿಯಂತೆ ತಂದೆಯ ಪಕ್ಕದಲ್ಲಿ ಕತ್ತಿಯಿಡಲು ಹೊಸ ರಾಜ ಪಂಜು ಹಿಡಿದು ಗುಂಡಿಗಿಳಿದ. ಅವನು ಬಗ್ಗಿದ್ದೇ ತಡ, ಗುಂಡಿಯ ಕತ್ತಲಲ್ಲಿ ಪಂಜಿನ ಬೆಳಕಿಗೆ ಮುನ್ನೂರು ಜೇನ್ನೊಣಗಳೂ ಒಟ್ಟಿಗೆ ಕೆಂಡದಂತೆ ಹೊಳೆದವು. ಮೇಲೆ ನಿಂತ ಸೈನಿಕರು ಹೋ ಎಂದು ಕೂಗಿದರು. ರಾಜನ ಹೆಗಲ ಮೇಲೆ ನಿಲುವಂಗಿ ಸಿಕ್ಕಿಸಲು ದಗುಲ್ಫ ಮಾಡಿದ ಕೊಂಡಿಯಿತ್ತು. ಅದರಲ್ಲೂ ಅಂಥದೇ ಕೆಂಪು ಹರಳಿದ್ದರೂ ಅದು ಒಣಗಿದ ರಕ್ತದಂತೆ ಕಪ್ಪಗೇ ಉಳಿಯಿತು.

ರಾಜ ಮೇಲೆ ಬಂದವನೇ ದಗುಲ್ಫನನ್ನು ದಾಟಿ, ಹೆಗಲಿನ ಕೊಂಡಿ ಬಿಚ್ಚಿ ಗೆರ್ಲಿಂದಳ ಅಂಗೈಯಲ್ಲಿಟ್ಟ.

“ನಮ್ಮಪ್ಪನ ಜೇನ್ನೊಣದೊಳಗೆ ಏನಿಟ್ಟಿದ್ಯೋ ತಾಯಿ, ಇದಕ್ಕೂ ಇಡು.”